ಕರಾರು ಕಾಯುವವರಿಗೊಂದು ಸಂಘ

ಸಾರ್ವಜನಿಕ ಕಾಮಗಾರಿಗಳ ವಿಷಯದಲ್ಲಿ ನಮ್ಮ ಜನರ ಕಣ್ಣಿಗೆ ಬೀಳತಕ್ಕ ಸಮಾರಂಭಗಳು ಎರಡೇ. ಮೊದಲನೆಯದು ಶಂಕುಸ್ಥಾಪನೆ, ಕೊನೆಯದು ಉದ್ಘಾಟನೆ. ಈ ಎರಡು ಹಾರತುರಾಯಿಗಳ ನಡುವೆ ವರ್ಷಗಟ್ಟಲೆ ನಡೆಯುವ ವ್ಯವಹಾರವನ್ನು ಕಂಡವರು ಕೆಲವರು, ಅರಿತವರು ಅವರಿಗಿಂತಲೂ ಕೆಲವರು. ಟೆಂಡರು ಕರೆದ ದಿನ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಅದು ಯಾರ ಪಾಲಾಯಿತೆಂಬ ವಿಷಯವಾಗಿ ಊರಿನ ಹೋಟೆಲುಗಳಲ್ಲಿ ಚರ್ಚೆಯಾಗುತ್ತದೆ. ಕರಾರುಪತ್ರಕ್ಕೆ ಸಹಿ ಬಿದ್ದೊಡನೆಯೇ ಎಲ್ಲರ ಕುತೂಹಲವೂ ತಣ್ಣಗಾಗುತ್ತದೆ. ಆದರೆ ಪ್ರಜೆಗಳ ಹಣವು ಉಳಿಯುವುದೂ ಸೋರುವುದೂ ಬಹುಮಟ್ಟಿಗೆ ಸಹಿಯಾದ ಮೇಲೆಯೇ ಎಂಬುದನ್ನು ವಾಚಕರು ಮರೆಯಬಾರದು. ಆ ಕಾಲದಲ್ಲಿ ಕರಾರನ್ನು ಕಾಯತಕ್ಕವರು ಯಾರು, ಅವರಿಗೆ ಆ ವಿದ್ಯೆಯನ್ನು ಕಲಿಸುವವರು ಯಾರು, ಕಲಿತವರು ಒಂದೆಡೆ ಕುಳಿತು ತಮ್ಮ ಅನುಭವವನ್ನು ಹಂಚಿಕೊಳ್ಳುವುದು ಎಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಈ ದಿನ ವಾಚಕರ ಮುಂದಿಡಬಯಸುತ್ತೇವೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಒಂದು ಹೋಬಳಿಯಲ್ಲಿ ಶಾಲೆಯ ಕಟ್ಟಡವು ಏಳಬೇಕಾಗಿದೆಯೆಂದು ಭಾವಿಸಿರಿ. ಅಂದಾಜುಪಟ್ಟಿಯಲ್ಲಿ ಪಾಯದ ಅಗೆತಕ್ಕೆ ಸಾಧಾರಣ ಮಣ್ಣಿನ ದರವನ್ನು ಹಾಕಲಾಗಿದೆ. ನಾಲ್ಕಡಿ ಅಗೆಯುವಷ್ಟರಲ್ಲಿ ಬಂಡೆ ಸಿಕ್ಕುತ್ತದೆ. ಬಂಡೆಯನ್ನು ಒಡೆಯುವ ದರವೇ ಬೇರೆ, ಅದಕ್ಕೆ ತಗಲುವ ಕಾಲವೇ ಬೇರೆ. ಸ್ಥಳಕ್ಕೆ ಬಂದ ಇಂಜಿನಿಯರರು, ಮಳೆಗಾಲ ಸಮೀಪಿಸುತ್ತಿದೆಯೆಂಬ ಅವಸರದಲ್ಲಿ, "ಕೆಲಸ ಮಾಡಿಬಿಡಿ, ಆಮೇಲೆ ನೋಡೋಣ" ಎಂದು ಬಾಯಿಮಾತಿನಲ್ಲಿ ಹೇಳಿ ಹೊರಟುಹೋಗುತ್ತಾರೆ. ಗುತ್ತಿಗೆದಾರನು ಬಂಡೆಯನ್ನು ಒಡೆಸುತ್ತಾನೆ. ಮೂರು ತಿಂಗಳಲ್ಲಿ ಇಂಜಿನಿಯರರಿಗೆ ವರ್ಗವಾಗುತ್ತದೆ. ಅವರ ಸ್ಥಾನಕ್ಕೆ ಬಂದವರು ಕಡತವನ್ನು ತಿರುವಿಹಾಕಿ, ಬಂಡೆಯ ವಿಷಯವಾಗಿ ಒಂದಕ್ಷರವೂ ಇಲ್ಲವಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಗುತ್ತಿಗೆದಾರನು ಬಿಲ್ಲು ಬಾರದೆ ಕೆಲಸವನ್ನು ನಿಲ್ಲಿಸುತ್ತಾನೆ. ಅವನದನ್ನೂ ಪೂರಾ ತಪ್ಪೆನ್ನಲಾಗದು. ಶನಿವಾರದ ಬಟವಾಡೆಯನ್ನು ನೆಚ್ಚಿ ಬಂದ ಕೂಲಿಕಾರರು ಬರಿಗೈಯಲ್ಲಿ ಊರಿಗೆ ಹಿಂದಿರುಗುತ್ತಾರೆ. ಮಕ್ಕಳು ಮತ್ತೊಂದು ವರ್ಷ ದೇವಸ್ಥಾನದ ಜಗುಲಿಯ ಮೇಲೆ ಕುಳಿತು ಪಾಠ ಕಲಿಯುತ್ತಾರೆ. ಇಲ್ಲಿ ಯಾರೂ ಲಂಚ ತೆಗೆದುಕೊಳ್ಳಲಿಲ್ಲ, ಯಾರೂ ಕದಿಯಲಿಲ್ಲ. ಆದಾಗ್ಯೂ ಸಾರ್ವಜನಿಕರಿಗೆ ಆದ ನಷ್ಟವು ಕಳ್ಳತನದಿಂದ ಆಗುವುದಕ್ಕಿಂತ ಕಡಮೆಯಾಗಲಿಲ್ಲ. ಆ ದಿನವೇ ಅರ್ಧ ಹಾಳೆಯ ಪತ್ರವೊಂದನ್ನು ಬರೆದಿದ್ದರೆ ಇಷ್ಟೆಲ್ಲ ಅನರ್ಥವೂ ತಪ್ಪುತ್ತಿತ್ತು. ಆ ಪತ್ರವನ್ನು ಯಾವಾಗ ಬರೆಯಬೇಕು, ಯಾರಿಗೆ ಬರೆಯಬೇಕು, ಅದರಲ್ಲಿ ಏನಿರಬೇಕು ಎಂಬ ಅರಿವಿಗೇ ಕರಾರು ನಿರ್ವಹಣೆಯ ವಿದ್ಯೆಯೆಂದು ಹೆಸರು.

ಈ ವಿದ್ಯೆಗೆ ಮೂರು ಘಟ್ಟಗಳುಂಟು. ಬೇಕಾದುದೇನೆಂಬುದನ್ನು ಸ್ಪಷ್ಟವಾಗಿ ಬರೆದು ಟೆಂಡರನ್ನು ಸಿದ್ಧಪಡಿಸುವುದು ಮೊದಲನೆಯದು. ಬಂದ ದರಗಳನ್ನು ತೂಗಿ ನೋಡಿ ಯೋಗ್ಯನಿಗೆ ಕೆಲಸವನ್ನು ವಹಿಸುವುದು ಎರಡನೆಯದು. ವಹಿಸಿದ ಕೆಲಸವು ಬರೆದಂತೆ ನಡೆಯುವ ಹಾಗೆ ನೋಡಿಕೊಂಡು, ಲೆಕ್ಕ ತೀರಿಸಿ, ಕಡತವನ್ನು ಮುಚ್ಚುವುದು ಮೂರನೆಯದು. ಮೊದಲಿನ ಎರಡು ಘಟ್ಟಗಳಿಗೆ ನಮ್ಮಲ್ಲಿ ಕಾನೂನಿನ ಕಾವಲು ಸಾಕಷ್ಟಿದೆ. ಮೂರನೆಯದೇ ದೀರ್ಘವಾದುದು, ಕಠಿಣವಾದುದು, ಮತ್ತು ಅತ್ಯಂತ ಅನಾದರಕ್ಕೆ ಗುರಿಯಾದುದು. ನಿವೇಶನವನ್ನು ಒಪ್ಪಿಸಿಕೊಡುವುದು, ನಕ್ಷೆಗಳನ್ನು ಸಕಾಲದಲ್ಲಿ ಒದಗಿಸುವುದು, ಎಂ.ಬಿ. ಎಂದು ಎಲ್ಲರೂ ಕರೆಯುವ ಅಳತೆ ಪುಸ್ತಕದಲ್ಲಿ ಆದ ಕೆಲಸವನ್ನು ಆದಂತೆಯೇ ನಮೂದಿಸುವುದು, ಕಂತಿನ ಬಿಲ್ಲುಗಳನ್ನು ಪಾಸುಮಾಡುವುದು, ಹೆಚ್ಚುವರಿ ಕೆಲಸಕ್ಕೆ ಮುಂಚಿತವಾಗಿಯೇ ಮಂಜೂರಾತಿ ಪಡೆಯುವುದು, ವಾಯಿದೆಯನ್ನು ವಿಸ್ತರಿಸುವುದಾದರೆ ಕಾರಣಗಳನ್ನು ಬರೆದಿಡುವುದು, ಕೆಲಸ ಮುಗಿದ ಮೇಲೆ ದೋಷಗಳಿಗೆ ಗುತ್ತಿಗೆದಾರನು ಹೊಣೆಯಾಗಿರುವ ಅವಧಿಯು ಮುಗಿಯುವತನಕ ಠೇವಣಿಯನ್ನು ಹಿಡಿದಿಟ್ಟುಕೊಂಡು ಅನಂತರ ತಡಮಾಡದೆ ಹಿಂದಿರುಗಿಸುವುದು, ಇವೆಲ್ಲವೂ ಆ ಘಟ್ಟಕ್ಕೆ ಸೇರಿದ ಕೆಲಸಗಳು. ಇವುಗಳಲ್ಲಿ ಒಂದೊಂದೂ ಒಂದು ತೂಬು. ತೂಬಿನ ಬಳಿ ಕಾವಲುಗಾರನು ನಿದ್ರಿಸಿದರೆ ಕೆರೆ ಬರಿದಾಗುವುದಕ್ಕೆ ಎಷ್ಟು ಹೊತ್ತು ಬೇಕು?

ಕೆರೆಯ ಮಾತು ಬಂದುದರಿಂದ ನಮ್ಮ ಪೂರ್ವಿಕರನ್ನು ಒಂದಿಷ್ಟು ಸ್ಮರಿಸುವುದು ಉಚಿತವಾಗಿದೆ. ಕೆರೆಯನ್ನು ಕಟ್ಟಿಸಿದವನಿಗೆ ಭೂಮಿಯನ್ನು ಬಿಡುವ ಕಟ್ಟುಕೊಡಗೆ, ಕೆರೆಯನ್ನು ಕಟ್ಟಿಸಿದ ಅಥವಾ ಜೀರ್ಣೋದ್ಧಾರ ಮಾಡಿಸಿದ ಪುಣ್ಯಾತ್ಮನಿಗೆ ಹತ್ತರಲ್ಲೊಂದು ಪಾಲನ್ನು ಕೊಡುವ ದಸವಂದ, ಕೆರೆಯ ಪಾಲನೆಗಾಗಿಯೇ ಬಿಟ್ಟ ಬಿತ್ತುವಟ್ಟ, ಇವುಗಳ ಉಲ್ಲೇಖವು ಕರ್ಣಾಟಕದ ಶಿಲಾಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಕಟ್ಟುವುದಷ್ಟೇ ಸಾಲದು, ಕಟ್ಟಿದ್ದನ್ನು ಕಾಯಲೂ ಬೇಕು. ಕಾಯುವವನಿಗೆ ಪ್ರತಿಫಲವನ್ನು ಮೊದಲೇ ಗೊತ್ತುಮಾಡಿ ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆಯಿಸಬೇಕು ಎಂಬ ವಿವೇಕವು ಅವರಿಗಿತ್ತು. ಅರ್ವಾಚೀನ ಕಾಲಕ್ಕೆ ಬಂದರೆ, 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ಸಂಗತಿಯನ್ನು ಪ್ರತಿಯೊಬ್ಬ ಕನ್ನಡಿಗನೂ ಅಭಿಮಾನದಿಂದ ಹೇಳಿಕೊಳ್ಳುತ್ತಾನೆ. ಆ ಅದ್ಭುತದ ಹಿಂದೆ ನೀರು ಮತ್ತು ತಂತಿಗಳಿದ್ದಂತೆಯೇ ಕರಾರುಗಳೂ ಇದ್ದುವು. ಮೈಸೂರು ಸಂಸ್ಥಾನದ ಸರಕಾರ, ವಿದ್ಯುತ್ತನ್ನು ಕೊಳ್ಳತಕ್ಕ ಗಣಿ ಕಂಪೆನಿಗಳು, ಯಂತ್ರಗಳನ್ನು ಒದಗಿಸಿದ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ, ಇಷ್ಟು ದೂರದೂರದ ಪಕ್ಷಗಳನ್ನು ಒಂದು ಕೆಲಸಕ್ಕೆ ಕಟ್ಟಿಹಾಕಿದ್ದು ಬರೆದ ಮಾತಿನ ಬಲವೇ ಹೊರತು ಬೇರೆಯಲ್ಲ.

ಕಾನೂನುಗಳಿಗೆ ನಮ್ಮ ದೇಶದಲ್ಲಿ ಬಡತನವಿಲ್ಲ. ಭಾರತೀಯ ಕರಾರು ಅಧಿನಿಯಮವು 1872ರಷ್ಟು ಹಿಂದಿನದು, ಇಂದಿಗೂ ಜಾರಿಯಲ್ಲಿದೆ. ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮವು 1999ರದು. 2000ದ ಅಕ್ಟೋಬರಿನಿಂದ ಜಾರಿಗೆ ಬಂದಿತು. ಕೇಂದ್ರ ಸರಕಾರದ ಸಾಮಾನ್ಯ ಹಣಕಾಸು ನಿಯಮಗಳನ್ನು 2017ರಲ್ಲಿ ಹೊಸದಾಗಿ ಪ್ರಕಟಿಸಲಾಯಿತು. ಟೆಂಡರುಗಳು ಈಗ ಗಣಕಯಂತ್ರದ ಮೂಲಕವೇ ನಡೆಯುತ್ತವೆ. ಆದರೆ ಕಾನೂನಿನ ಪುಸ್ತಕವು ಕಪಾಟಿನಲ್ಲಿದ್ದ ಮಾತ್ರಕ್ಕೆ ಅದರ ಅರಿವು ಕಾಮಗಾರಿಯ ಸ್ಥಳದಲ್ಲಿ ಇರುತ್ತದೆಂದು ಹೇಳುವುದಕ್ಕಾಗದು. ಒಂದೇ ಒಂದು ಉದಾಹರಣೆಯನ್ನು ಕೊಡುತ್ತೇವೆ. ಕಾಲವೇ ಮುಖ್ಯವಾಗಿರುವ ಕರಾರಿನಲ್ಲಿ, ವಾಯಿದೆ ಮೀರಿ ಬಂದ ಕೆಲಸವನ್ನು ಒಪ್ಪಿಕೊಳ್ಳುವ ಪಕ್ಷದವನು, ತಡವಾದುದಕ್ಕೆ ನಷ್ಟವನ್ನು ಕೇಳುವ ಉದ್ದೇಶವಿದ್ದರೆ ಒಪ್ಪಿಕೊಳ್ಳುವ ಸಮಯದಲ್ಲಿಯೇ ಅದನ್ನು ತಿಳಿಸಬೇಕು. ಸುಮ್ಮನೆ ಒಪ್ಪಿಕೊಂಡು ಬಿಟ್ಟರೆ ಆಮೇಲೆ ಕೇಳುವ ಹಕ್ಕಿಲ್ಲವೆಂದು 1872ರ ಅಧಿನಿಯಮದ 55ನೆಯ ಪ್ರಕರಣವು ಹೇಳುತ್ತದೆ. ಒಂದು ಪತ್ರವನ್ನು ಬರೆದರೆ ಹಕ್ಕು ಉಳಿಯಿತು, ಬರೆಯದಿದ್ದರೆ ಅಳಿಯಿತು. ಈ ಮಾತನ್ನು ಬಲ್ಲ ತಾಲ್ಲೂಕು ಮಟ್ಟದ ಅಧಿಕಾರಿಗಳು ಎಷ್ಟು ಮಂದಿ ಇದ್ದಾರು?

ಬರೆಯದ ಮಾತಿನ ಬೆಲೆಯೆಷ್ಟೆಂಬುದಕ್ಕೆ ವಂಗದೇಶದ ಒಂದು ಮೊಕದ್ದಮೆಯು ಪ್ರಸಿದ್ಧವಾಗಿದೆ. 1944ರಲ್ಲಿ, ಯುದ್ಧದ ಮತ್ತು ಕ್ಷಾಮದ ಆ ದುರ್ದಿನಗಳಲ್ಲಿ, ಆರಾಮಬಾಗಿನಲ್ಲಿ ಸಿವಿಲ್ ಸಪ್ಲೈಸ್ ಇಲಾಖೆಗಾಗಿ ಬಿ. ಕೆ. ಮಂಡಲ್ ಎಂಬ ಗುತ್ತಿಗೆದಾರರ ಸಂಸ್ಥೆಯು ಕಟ್ಟಡ, ರಸ್ತೆ ಮೊದಲಾದುವುಗಳನ್ನು ಕಟ್ಟಿಕೊಟ್ಟಿತು. ಅಧಿಕಾರಿಗಳು ಕೇಳಿದರು, ಇವರು ಮಾಡಿದರು, ಇಲಾಖೆಯು ಅದನ್ನು ಬಳಸಿಕೊಂಡಿತು. ಹಣದ ಮಾತು ಬಂದಾಗ, ಕಾಯಿದೆಯು ವಿಧಿಸಿದ ರೀತಿಯಲ್ಲಿ ಗವರ್ನರರ ಹೆಸರಿನಲ್ಲಿ ಕರಾರೇ ಆಗಿಲ್ಲವೆಂಬ ವಾದವು ಹುಟ್ಟಿತು. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೆ ನಡೆಯಿತು. 1961ರ ಡಿಸೆಂಬರಿನಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಾಧೀಶರು, ಕರಾರು ಕ್ರಮಬದ್ಧವಾಗಿರದಿದ್ದರೂ, ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಪ್ರಯೋಜನವನ್ನು ಪಡೆದವರು ಅದರ ಬೆಲೆಯನ್ನು ಕೊಡಲೇಬೇಕೆಂಬ 70ನೆಯ ಪ್ರಕರಣದ ಧರ್ಮವನ್ನು ಎತ್ತಿಹಿಡಿದರು. ನ್ಯಾಯವೇನೋ ದೊರೆಯಿತು. ಆದರೆ 1944 ಎಲ್ಲಿ, 1961 ಎಲ್ಲಿ? ನಡುವೆ ಒಂದು ಸಾಮ್ರಾಜ್ಯವೇ ಮುಳುಗಿ, ಒಂದು ಗಣರಾಜ್ಯವು ಹುಟ್ಟಿತ್ತು. ಸರಿಯಾದ ಹೆಸರಿನಲ್ಲಿ ಸರಿಯಾದ ಸಹಿಯೊಂದು ಇದ್ದಿದ್ದರೆ ಈ ವಾದವೇ ಹುಟ್ಟುತ್ತಿರಲಿಲ್ಲ. ಇಂದಿಗೂ ಸಂವಿಧಾನದ 299ನೆಯ ಅನುಚ್ಛೇದವು ಸರಕಾರದ ಕರಾರುಗಳು ರಾಷ್ಟ್ರಪತಿಯ ಅಥವಾ ರಾಜ್ಯಪಾಲರ ಹೆಸರಿನಲ್ಲಿಯೇ ಆಗಬೇಕೆಂದು ವಿಧಿಸುತ್ತದೆ.

ಪರರ ತಪ್ಪನ್ನು ಎತ್ತಿ ಹೇಳುವಾಗ ನಮ್ಮ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮುದ್ರಣಾಲಯದ ಹಿತ್ತಲಿನಲ್ಲಿ ಕಾಗದದ ಸುರುಳಿಗಳನ್ನು ಇಡುವುದಕ್ಕಾಗಿ ಒಂದು ಉಗ್ರಾಣವನ್ನು ಕಟ್ಟಿಸಿದೆವು. ಕರಾರು ಒಂದೇ ಹಾಳೆಯದು. ಅದರಲ್ಲಿ ಉದ್ದ, ಅಗಲ, ಮೊಬಲಗು, ಮುಗಿಸಬೇಕಾದ ತಾರೀಖು ಇಷ್ಟೇ ಇದ್ದುವು. ಕೆಲಸವು ಮುಗಿಯಿತು, ಪೂರ್ತಿ ಹಣವನ್ನು ಸಂತೋಷದಿಂದಲೇ ಕೊಟ್ಟೆವು. ಮೊದಲ ಮುಂಗಾರಿನಲ್ಲಿಯೇ ಮೇಲ್ಛಾವಣಿ ಸೋರಿ ಕಾಗದವು ತೊಯ್ದುಹೋಯಿತು. ಗುತ್ತಿಗೆದಾರರನ್ನು ಕರೆಯಿಸಿ ಕೇಳಿದರೆ, "ನಾನು ಕಟ್ಟಿಕೊಟ್ಟೆ, ತಾವು ಒಪ್ಪಿಕೊಂಡಿರಿ, ಸೋರಿದರೆ ಯಾರು ನೋಡಬೇಕೆಂದು ಎಲ್ಲಿ ಬರೆದಿದೆ, ಸ್ವಾಮಿ?" ಎಂದರು. ಎಲ್ಲಿಯೂ ಬರೆದಿರಲಿಲ್ಲ. ಒಂದು ಮಳೆಗಾಲ ಕಳೆಯುವತನಕ ನೂರಕ್ಕೆ ಐದರಷ್ಟು ಹಣವನ್ನಾದರೂ ಹಿಡಿದಿಟ್ಟುಕೊಳ್ಳಬೇಕೆಂಬ ಸಾಮಾನ್ಯ ವಿವೇಕವೂ ನಮಗೆ ಹೊಳೆದಿರಲಿಲ್ಲ. ದಿನ ಬೆಳಗಾದರೆ ಸರಕಾರದ ಕರಾರುಗಳ ದೋಷವನ್ನು ಹುಡುಕುವ ಪತ್ರಿಕೆಯು ತನ್ನ ಕರಾರನ್ನು ತಾನೇ ಓದಿರಲಿಲ್ಲ. ಈ ವಿಷಯದಲ್ಲಿ ಪಾಮರರಿಗೂ ಪಂಡಿತರಿಗೂ ಹೆಚ್ಚು ಅಂತರವಿಲ್ಲವೆಂಬುದನ್ನು ಆ ತೊಯ್ದ ಕಾಗದವೇ ನಮಗೆ ಕಲಿಸಿತು.

ಹಾಗಾದರೆ ಈ ವಿದ್ಯೆಯನ್ನು ಕಲಿಯುವುದೆಲ್ಲಿ? ಇಂಜಿನಿಯರಿಂಗ್ ಕಾಲೇಜಿನಲ್ಲಿ ತರುಣನು ಹೆಚ್ಚಾಗಿ ಕಲಿಯುವುದು ತೊಲೆ ಎಷ್ಟು ಭಾರವನ್ನು ತಾಳುತ್ತದೆಂಬುದನ್ನು. ಕರಾರಿನ ಒಂದು ವಾಕ್ಯವು ಎಷ್ಟು ಭಾರವನ್ನು ತಾಳುತ್ತದೆಂಬುದನ್ನಲ್ಲ. ನೌಕರಿಗೆ ಸೇರಿದ ಮೇಲೆ ಹಿರಿಯ ಗುಮಾಸ್ತರ ಬಾಯಿಂದ ಬಂದದ್ದೇ ಪಾಠ. ಅವರು ನಿವೃತ್ತರಾದ ದಿನ ಆ ಪಾಠಶಾಲೆಯೂ ಮುಚ್ಚುತ್ತದೆ. ಇನ್ನೊಂದು ಕಡೆ ಸಣ್ಣ ಗುತ್ತಿಗೆದಾರನ ಪಾಡನ್ನು ನೋಡಿರಿ. ಅವನು ಮೇಸ್ತ್ರಿಯಾಗಿದ್ದು ಕಷ್ಟಪಟ್ಟು ಮೇಲೆ ಬಂದವನು. ಕಲ್ಲು, ಗಾರೆ, ಕಬ್ಬಿಣಗಳ ಗುಣವನ್ನು ಮುಟ್ಟಿದರೆ ಹೇಳಬಲ್ಲನು. ಆದರೆ ನೂರು ಪುಟಗಳ ಇಂಗ್ಲಿಷ್ ಟೆಂಡರು ಪುಸ್ತಕಕ್ಕೆ ಗುರುತು ಹಾಕಿದ ಜಾಗದಲ್ಲಿ ಸಹಿಮಾಡುವುದನ್ನಲ್ಲದೆ ಬೇರೇನನ್ನೂ ಅರಿಯನು. ಸಣ್ಣ ಉದ್ಯಮಿಯು ಒದಗಿಸಿದ ಸರಕಿಗೆ 45 ದಿನಗಳೊಳಗೆ ಹಣ ಸಲ್ಲಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ಸಲ್ಲಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಧಿನಿಯಮವು ಹೇಳುತ್ತದೆ. ಗುತ್ತಿಗೆದಾರನು ಕೂಲಿಯನ್ನು ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮುಖ್ಯ ನಿಯೋಜಕನೇ ಕೊಟ್ಟು, ಅದನ್ನು ಅವನ ಲೆಕ್ಕದಲ್ಲಿ ಹಿಡಿಯಬೇಕೆಂಬ ನಿಯಮವು 1970ರ ಗುತ್ತಿಗೆ ಕಾರ್ಮಿಕರ ಅಧಿನಿಯಮದಲ್ಲಿಯೇ ಇತ್ತು. 2020ರ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಹಕ್ಕು ಇದೆ, ಹಕ್ಕುಳ್ಳವನಿಗೆ ಅದರ ಸುದ್ದಿಯಿಲ್ಲ. ಹೊಣೆ ಇದೆ, ಹೊಣೆಗಾರನಿಗೆ ಅದರ ನೆನಪಿಲ್ಲ.

ಈ ಕೊರತೆಯನ್ನು ಇತರ ದೇಶಗಳವರು ಹೇಗೆ ತುಂಬಿಕೊಂಡರೆಂಬುದನ್ನು ನೋಡುವುದು ಬೋಧಪ್ರದವಾಗಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1959ರಲ್ಲಿ ಕರಾರು ನಿರ್ವಾಹಕರು ತಮ್ಮದೇ ಆದ ಒಂದು ಸಂಘವನ್ನು ಕಟ್ಟಿಕೊಂಡರು. ನ್ಯಾಷನಲ್ ಕಾಂಟ್ರಾಕ್ಟ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಎಂದು ಅದರ ಹೆಸರು. ಅದರ ವೈಶಿಷ್ಟ್ಯವೇನೆಂದರೆ, ಕೆಲಸವನ್ನು ಕೊಡುವ ಸರಕಾರದ ಅಧಿಕಾರಿಯೂ ಕೆಲಸವನ್ನು ಪಡೆಯುವ ಕಂಪೆನಿಯ ಅಧಿಕಾರಿಯೂ ಅದರಲ್ಲಿ ಸಮಾನ ಸದಸ್ಯರು. ಸಂಘವು ಈ ವೃತ್ತಿಗೆ ಬೇಕಾದ ಜ್ಞಾನವನ್ನೆಲ್ಲ ಒಂದು ಗ್ರಂಥದಲ್ಲಿ ಕ್ರೋಡೀಕರಿಸಿದೆ. ಪರೀಕ್ಷೆಗಳನ್ನು ನಡೆಯಿಸಿ ಪ್ರಮಾಣಪತ್ರಗಳನ್ನು ಕೊಡುತ್ತದೆ. ಆ ಪ್ರಮಾಣಪತ್ರವು ಆಜೀವ ಬಿರುದಲ್ಲ. ಕಾಲಕಾಲಕ್ಕೆ ಇಂತಿಷ್ಟು ಗಂಟೆಗಳ ಹೊಸ ಕಲಿಕೆಯನ್ನು ತೋರಿಸಿದವರಿಗೆ ಮಾತ್ರ ಅದು ಮುಂದುವರಿಯುತ್ತದೆ. ಕರಾರು ನಿರ್ವಹಣೆಗೆ ಸಂಘವು ಸಿದ್ಧಪಡಿಸಿದ ಒಂದು ಮಾನದಂಡಕ್ಕೆ 2019ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಮನ್ನಣೆಯೂ ದೊರೆಯಿತು.

ಇಷ್ಟಾದರೂ ಆ ಸಂಘದ ಜೀವಾಳವು ಅದರ ಕೇಂದ್ರ ಕಚೇರಿಯಲ್ಲಿಲ್ಲ, ಊರೂರಿನ ಶಾಖೆಗಳಲ್ಲಿದೆಯೆಂದು ನಮ್ಮ ಅಭಿಪ್ರಾಯ. ಬಾಸ್ಟನ್ ನಗರದಲ್ಲಿ ಒಂದು ಶಾಖೆ. ಸೈನ್ಯದ ಆಯುಧಾಗಾರವೂ ಬಾಹ್ಯಾಕಾಶ ಸಂಸ್ಥೆಯ ಮಾರ್ಷಲ್ ಕೇಂದ್ರವೂ ಇರುವ ಹಂಟ್ಸ್‌ವಿಲ್ ಪಟ್ಟಣದಲ್ಲಿ ಒಂದು ಶಾಖೆ. ಹೀಗೆ ಎಲ್ಲೆಲ್ಲಿ ಕರಾರುಗಳು ಹೆಚ್ಚಾಗಿ ನಡೆಯುತ್ತವೆಯೋ ಅಲ್ಲಲ್ಲಿ ಶಾಖೆಗಳು. ಶಾಖೆಯ ಕೆಲಸವು ಆಡಂಬರದ್ದಲ್ಲ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸದಸ್ಯರು ಸೇರುತ್ತಾರೆ. ಹೊಸ ನಿಯಮವೊಂದನ್ನೋ ಇತ್ತೀಚಿನ ತೀರ್ಪೊಂದನ್ನೋ ಕುರಿತು ಬಲ್ಲವರೊಬ್ಬರು ಮಾತನಾಡುತ್ತಾರೆ. ಪರೀಕ್ಷೆಗೆ ಕುಳಿತುಕೊಳ್ಳುವ ಕಿರಿಯರು ಗುಂಪುಗೂಡಿ ಓದುತ್ತಾರೆ. ವರ್ಷಕ್ಕೆ ಒಂದೆರಡು ಸಲ ದಿನಪೂರ್ತಿಯ ಕಾರ್ಯಶಿಬಿರವು ನಡೆಯುತ್ತದೆ. ಕೆಲವು ಶಾಖೆಗಳು ವಿದ್ಯಾರ್ಥಿಗಳಿಗೆ ವೇತನವನ್ನೂ ಕೊಡುತ್ತವೆ. ಇದನ್ನೆಲ್ಲ ನಡೆಯಿಸುವವರು ಬಹುಮಟ್ಟಿಗೆ ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವ ಸ್ವಯಂಸೇವಕರು. ಇಂಥ ಕೂಟದಿಂದ ಆಗುವ ಲಾಭವನ್ನು ರೂಪಾಯಿಗಳಲ್ಲಿ ಎಣಿಸಲಾಗದು. ನಾಳೆ ಕರಾರಿನ ಎರಡು ಪಕ್ಷಗಳಲ್ಲಿ ನಿಲ್ಲತಕ್ಕವರು ಇಂದು ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪದಕ್ಕೆ ಒಂದೇ ಅರ್ಥವನ್ನು ಕಲಿಯುತ್ತಾರೆ. ವ್ಯಾಜ್ಯಗಳಲ್ಲಿ ಅನೇಕವು ಒಂದು ಪದಕ್ಕೆ ಎರಡು ಅರ್ಥ ಮಾಡಿಕೊಂಡುದರಿಂದಲೇ ಹುಟ್ಟುತ್ತವೆಯಲ್ಲವೆ?

ನಮ್ಮ ದೇಶದಲ್ಲಿ ಇದಕ್ಕೆ ನೆಲೆಗಟ್ಟು ಇಲ್ಲವೆಂದು ಯಾರೂ ಭಾವಿಸಬಾರದು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ಎಂಬ ಸಂಸ್ಥೆಯು ಸಾಮಗ್ರಿಗಳ ಖರೀದಿ ಮತ್ತು ವ್ಯವಸ್ಥಾಪನೆಯಲ್ಲಿ ತೊಡಗಿದವರಿಗೆ ಡಿಪ್ಲೊಮಾ ಶಿಕ್ಷಣವನ್ನು ಕೊಡುತ್ತದೆ. ಬೆಂಗಳೂರು ಮೈಸೂರುಗಳಲ್ಲಿಯೂ ಅದರ ಶಾಖೆಗಳಿವೆ. 1920ರಲ್ಲಿ ಸ್ಥಾಪಿತವಾದ ಇಂಜಿನಿಯರುಗಳ ಸಂಸ್ಥೆಗೆ ಬೆಂಗಳೂರಿನಲ್ಲಿ ರಾಜ್ಯ ಕೇಂದ್ರವುಂಟು. ಅಧಿಕಾರಿಗಳ ಶಿಕ್ಷಣಕ್ಕೆ ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆಯಿದೆ. ಇವೆಲ್ಲವೂ ಸ್ತುತ್ಯವಾದುವೇ. ಆದರೆ ಖರೀದಿಯವರು ಒಂದೆಡೆ, ಇಂಜಿನಿಯರರು ಒಂದೆಡೆ, ಸರಕಾರಿ ನೌಕರರು ಮತ್ತೊಂದೆಡೆ ಕಲಿಯುತ್ತಾರೆ. ಗುತ್ತಿಗೆದಾರನಿಗೆ ಮಾತ್ರ ಎಲ್ಲಿಯೂ ಎಡೆಯಿಲ್ಲ. ಎಲ್ಲರೂ ಕೂಡುವ ಕೂಟವು ಬೀದರಿನಲ್ಲಿಯೋ ಚಾಮರಾಜನಗರದಲ್ಲಿಯೋ ಇದ್ದರೆ ಮಾತ್ರ ಅಲ್ಲಿಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಕಿರಿಯ ಇಂಜಿನಿಯರಿಗೆ, ಸಣ್ಣ ಗುತ್ತಿಗೆದಾರನಿಗೆ ಉಪಯೋಗವಾದೀತು. ಮೂರು ದಿನದ ತರಬೇತಿಗೆ ಮೈಸೂರಿಗೆ ಹೋಗಿಬಂದವನು ತಿಂಗಳೊಳಗೆ ಅರ್ಧವನ್ನು ಮರೆಯುತ್ತಾನೆ. ತನ್ನ ಊರಿನಲ್ಲಿಯೇ ತಿಂಗಳಿಗೊಮ್ಮೆ ಸೇರುವವನು ಮರೆಯಲಾರನು.

ಊರಿನಲ್ಲಿ ಸಂಘ ಕಟ್ಟುವುದು ಕನ್ನಡಿಗರಿಗೆ ಹೊಸದೇನೂ ಅಲ್ಲ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಪಾಟೀಲರು ಕೃಷಿಕರ ಸಹಕಾರ ಸಂಘವನ್ನು ಕಟ್ಟಿದಾಗ ಅವರ ಮುಂದೆ ದೊಡ್ಡ ಕಟ್ಟಡವಾಗಲಿ ದೊಡ್ಡ ನಿಧಿಯಾಗಲಿ ಇರಲಿಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತು ಇಂದು ಜಿಲ್ಲೆ ಮತ್ತು ತಾಲ್ಲೂಕುಗಳ ಘಟಕಗಳಿಂದಲೇ ಜನರನ್ನು ಮುಟ್ಟುತ್ತಿದೆ. ಸಾಲಕ್ಕೂ ಸಾಹಿತ್ಯಕ್ಕೂ ಒದಗಿದ ಸಂಘಶಕ್ತಿಯು ಕರಾರಿಗೆ ಏಕೆ ಒದಗಬಾರದು?

ಇಂತಹ ಶಾಖೆಯು ಏನು ಮಾಡಬೇಕೆಂಬುದನ್ನು ಸ್ಥೂಲವಾಗಿ ಸೂಚಿಸುತ್ತೇವೆ. ಜಿಲ್ಲಾ ಕೇಂದ್ರದಲ್ಲಿ ತಿಂಗಳಿಗೆ ಒಂದು ಸಂಜೆ ಎರಡು ಗಂಟೆಗಳ ಸಭೆ ಸಾಕು. ಒಂದು ತಿಂಗಳು ಅಳತೆ ಪುಸ್ತಕವನ್ನು ಬರೆಯುವ ಕ್ರಮ. ಮತ್ತೊಂದು ತಿಂಗಳು ಹೆಚ್ಚುವರಿ ಕೆಲಸದ ಮಂಜೂರಾತಿ. ಆಮೇಲೆ ವಾಯಿದೆಯ ವಿಸ್ತರಣೆ ಮತ್ತು ದಂಡ. ಅನಂತರ ಕೂಲಿಕಾರರ ಬಟವಾಡೆ ಮತ್ತು ವಿಮೆ. ಬಳಿಕ ದೋಷಗಳ ಹೊಣೆ ಮತ್ತು ಠೇವಣಿಯ ವಾಪಸಾತಿ. ಕೊನೆಯದಾಗಿ ವ್ಯಾಜ್ಯ ಪರಿಹಾರ. ಹೀಗೆ ಆರು ಪಾಠಗಳಾದರೆ ಅರ್ಧ ವರ್ಷವು ಕಳೆಯುತ್ತದೆ. ಪ್ರತಿ ಸಭೆಯಲ್ಲಿಯೂ ಮುಗಿದುಹೋದ ಒಂದು ಕಾಮಗಾರಿಯ ಕಥೆಯನ್ನು, ಹೆಸರುಗಳನ್ನು ಮರೆಸಿ, ಎಲ್ಲಿ ಎಡವಿದೆವೆಂಬುದನ್ನು ಮುಚ್ಚಿಡದೆ ಹೇಳತಕ್ಕದ್ದು. ನಿವೃತ್ತರಾದ ಕಾರ್ಯಪಾಲಕ ಇಂಜಿನಿಯರರು, ಲೆಕ್ಕಪರಿಶೋಧಕರು, ವಕೀಲರು ಪ್ರತಿ ಜಿಲ್ಲೆಯಲ್ಲಿಯೂ ಇದ್ದಾರೆ. ಅವರ ಮೂವತ್ತು ವರ್ಷಗಳ ಅನುಭವವು ಮೊಮ್ಮಕ್ಕಳಿಗೆ ಹೇಳುವ ಕಥೆಗಳಲ್ಲಿಯೇ ಮುಗಿದುಹೋಗಬಾರದು. ವರ್ಷಾಂತ್ಯದಲ್ಲಿ ಒಂದು ಸಣ್ಣ ಪರೀಕ್ಷೆಯನ್ನಿಟ್ಟು, ತೇರ್ಗಡೆಯಾದವರಿಗೆ ಪ್ರಮಾಣಪತ್ರವನ್ನು ಕೊಟ್ಟರೆ ಕಿರಿಯರಿಗೆ ಉತ್ಸಾಹವು ಹುಟ್ಟೀತು.

ಮುಖ್ಯವಾದ ಇನ್ನೊಂದು ಕೆಲಸವುಂಟು. ಈ ಪಾಠಗಳೆಲ್ಲವೂ ಕನ್ನಡದಲ್ಲಿಯೇ ನಡೆಯಬೇಕು. ಸಾಮಾನ್ಯವಾಗಿ ಟೆಂಡರಿನ ಪುಸ್ತಕವು ಇಂಗ್ಲಿಷಿನಲ್ಲಿರುತ್ತದೆ. ಕಾಮಗಾರಿಯ ಸ್ಥಳದ ಮಾತು ಕನ್ನಡದಲ್ಲಿರುತ್ತದೆ. ಈ ಎರಡರ ನಡುವಿನ ಕಂದಕದಲ್ಲಿ ಎಷ್ಟೋ ಹಕ್ಕುಗಳೂ ಹೊಣೆಗಳೂ ಬಿದ್ದು ಮುಳುಗಿಹೋಗಿವೆ. ಸಹಿ ಹಾಕುವವನಿಗೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂಬುದು ತನ್ನ ತಾಯ್ನುಡಿಯಲ್ಲಿ ತಿಳಿಯಬೇಕಾದುದು ಉಪಕಾರದ ಮಾತಲ್ಲ, ನ್ಯಾಯದ ಮಾತು. ಕರಾರಿನ ಮುಖ್ಯ ಷರತ್ತುಗಳ ಕನ್ನಡ ಸಾರಾಂಶವನ್ನೂ ಒಂದು ಸಣ್ಣ ಪದಕೋಶವನ್ನೂ ಮೊದಲ ವರ್ಷದಲ್ಲಿಯೇ ಪ್ರಕಟಿಸಿದರೂ ಆ ಶಾಖೆಯು ಹುಟ್ಟಿದ್ದು ಸಾರ್ಥಕವೆನಿಸೀತು.

ಈ ಸಲಹೆಗೆ ಆಕ್ಷೇಪಣೆಗಳು ಬರುವುದು ಸಹಜ. ಕೆಲಸ ಕೊಡುವವರೂ ಪಡೆಯುವವರೂ ಒಂದೆಡೆ ಕೂತು ಕಾಫಿ ಕುಡಿದರೆ ಒಳಸಂಚಿಗೆ ಹಾದಿಯಾಗದೆ ಎಂದು ಕೇಳುವವರಿದ್ದಾರೆ. ಈ ಶಂಕೆಯನ್ನು ನಾವು ಲಘುವಾಗಿ ತಳ್ಳಿಹಾಕುವುದಿಲ್ಲ. ನಮ್ಮ ರಾಜ್ಯದಲ್ಲಿಯೇ ಕಾಮಗಾರಿಗಳಿಗೆ ಕಮಿಷನ್ ಕೇಳಲಾಗುತ್ತಿದೆಯೆಂದು ಗುತ್ತಿಗೆದಾರರ ಸಂಘವು 2021ರಲ್ಲಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆದು ಮಾಡಿದ ಆಪಾದನೆಯನ್ನು ಜನರು ಮರೆತಿಲ್ಲ. ಆದರೆ ಒಳಸಂಚು ಬೆಳೆಯುವುದು ಮುಚ್ಚಿದ ಕೊಠಡಿಯಲ್ಲಿ. ನಾವು ಹೇಳುವುದು ಬಾಗಿಲು ತೆರೆದ ಸಭೆಯನ್ನು. ನಡೆಯುತ್ತಿರುವ ಯಾವ ಟೆಂಡರಿನ ಮಾತನ್ನೂ, ಯಾವ ದರದ ಮಾತನ್ನೂ ಅಲ್ಲಿ ಎತ್ತಕೂಡದೆಂಬ ನಿಯಮವು ಮೊದಲನೆಯದಾಗಿರಲಿ. ಟೆಂಡರಿನ ದರಗಳನ್ನು ಕೂಡಿಕೊಂಡು ಗೊತ್ತುಮಾಡುವುದನ್ನು 2002ರ ಸ್ಪರ್ಧಾ ಅಧಿನಿಯಮವು ನಿಷೇಧಿಸಿದೆಯೆಂಬುದನ್ನು ಸದಸ್ಯರು ಮೊದಲ ಸಭೆಯಲ್ಲಿಯೇ ತಿಳಿಯಲಿ. ಗುತ್ತಿಗೆದಾರರಿಂದ ದೇಣಿಗೆಯನ್ನು ಪಡೆಯದೆ ಎಲ್ಲರಿಂದಲೂ ಒಂದೇ ವಂತಿಗೆಯನ್ನು ಎತ್ತಲಿ. ಸಭೆಯ ನಡವಳಿಯನ್ನು ಬರೆದು ಗ್ರಂಥಾಲಯದಲ್ಲಿಡಲಿ; ಪತ್ರಿಕೆಯವರನ್ನೂ ಕರೆಯಲಿ. ಮುಚ್ಚುಮರೆಯಿಲ್ಲದ ಕಡೆ ಕಳ್ಳನಿಗೆ ಕೂರಲು ಮನಸ್ಸಾಗದು.

ವ್ಯಾಜ್ಯವಾದರೆ ಕೋರ್ಟು ಇದೆ, ಆರ್ಬಿಟ್ರೇಷನ್ ಎಂಬ ಪಂಚಾಯಿತಿ ತೀರ್ಪು ಇದೆ, ಸಂಘವೇಕೆ ಎನ್ನುವವರೂ ಉಂಟು. 2024ರ ಜೂನ್ 3ರಂದು ಕೇಂದ್ರದ ಹಣಕಾಸು ಸಚಿವಾಲಯವು ಹೊರಡಿಸಿದ ಮಾರ್ಗಸೂಚಿಯನ್ನು ಅವರು ಅವಶ್ಯವಾಗಿ ಓದಬೇಕು. ಸರಕಾರದ ಕರಾರುಗಳಲ್ಲಿ ಆರ್ಬಿಟ್ರೇಷನ್ನನ್ನು ರೂಢಿಯಂತೆ ಸೇರಿಸಬಾರದು, ಸೇರಿಸಿದರೂ 10 ಕೋಟಿ ರೂಪಾಯಿಗಳಿಗಿಂತ ಕಡಮೆಯ ವಿವಾದಗಳಿಗೆ ಅದನ್ನು ಮಿತಗೊಳಿಸಬಹುದು, ಸಂಧಾನಕ್ಕೆ ಹೆಚ್ಚು ಎಡೆಕೊಡಬೇಕು ಎಂಬುದು ಅದರ ತಾತ್ಪರ್ಯ. ಎಂದ ಮೇಲೆ ವ್ಯಾಜ್ಯವನ್ನು ಗೆಲ್ಲುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದೇ ಇನ್ನು ಮುಂದೆ ಜಾಣತನ. ಸಂಧಾನಕ್ಕೆ ಕುಳಿತರೂ ಕೈಯಲ್ಲಿ ಕಾಗದಪತ್ರವಿರಬೇಕು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು?

ಇನ್ನು, ಸರಕಾರವೇ ಇದನ್ನು ಮಾಡಲಿ ಎಂಬ ಮಾತು. ಸರಕಾರದವರು ನೆರವಾಗಲಿ, ಸಭೆಗೆ ಒಂದು ಕೊಠಡಿಯನ್ನು ಕೊಡಲಿ, ಕಲಿಕೆಯ ಗಂಟೆಗಳನ್ನು ನೌಕರರ ಸೇವಾ ಪುಸ್ತಕದಲ್ಲಿ ನಮೂದಿಸಲಿ. ಆದರೆ ವೃತ್ತಿಯ ಗೌರವವನ್ನು ವೃತ್ತಿಯವರೇ ಕಟ್ಟಿಕೊಳ್ಳಬೇಕು. ವೈದ್ಯರೂ ವಕೀಲರೂ ತಮ್ಮ ವೃತ್ತಿಗೆ ಸಂಘಗಳನ್ನು ಕಟ್ಟಿಕೊಂಡೇ ಮಾನ್ಯರಾದರು. ಕರಾರನ್ನು ಕಾಯುವವನು ಇಂದು ಹೆಸರಿಲ್ಲದ ಗುಮಾಸ್ತ. ಅವನ ಕೆಲಸಕ್ಕೂ ಒಂದು ಶಾಸ್ತ್ರವುಂಟು, ಒಂದು ಧರ್ಮವುಂಟು ಎಂಬ ಭಾವನೆಯು ಅವನಲ್ಲಿ ಮೂಡಿದ ದಿನ, ಮೇಲಿನವರ ಒತ್ತಾಯಕ್ಕೆ ಸುಳ್ಳು ಅಳತೆಯನ್ನು ಬರೆಯುವ ಮುನ್ನ ಅವನ ಕೈ ಒಂದು ಕ್ಷಣ ತಡೆದೀತು. ತನ್ನ ಹಿಂದೆ ನಾಲ್ಕು ಜನ ಸಹೋದ್ಯೋಗಿಗಳಿದ್ದಾರೆಂಬ ಧೈರ್ಯವಿದ್ದವನಿಗೆ "ಇಲ್ಲ, ಸ್ವಾಮಿ" ಎನ್ನುವ ಶಕ್ತಿಯು ಬರುತ್ತದೆ. ಒಂಟಿಯಾದವನಿಗೆ ಅದು ಕಷ್ಟ.

ಆದುದರಿಂದ ನಮ್ಮ ಜಿಲ್ಲೆಗಳ ಇಂಜಿನಿಯರರನ್ನೂ, ನಿವೃತ್ತ ಅಧಿಕಾರಿಗಳನ್ನೂ, ಪ್ರಾಮಾಣಿಕ ಗುತ್ತಿಗೆದಾರರನ್ನೂ, ವಕೀಲರನ್ನೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇವೆ. ದೊಡ್ಡ ಸಮ್ಮೇಳನವನ್ನು ಕಾಯಬೇಡಿರಿ. ಮಂತ್ರಿಗಳ ತಾರೀಖನ್ನು ಕೇಳಬೇಡಿರಿ. ಹತ್ತು ಜನ ಸೇರಿ, ಒಂದು ಕರಾರುಪತ್ರವನ್ನು ನಡುವೆ ಇಟ್ಟುಕೊಂಡು, ಮೊದಲ ಪುಟದಿಂದ ಓದಲು ಪ್ರಾರಂಭಿಸಿರಿ. ಶಾಖೆಯು ಅಲ್ಲಿಯೇ ಹುಟ್ಟಿತು. ಇಂಥ ಸಭೆಗಳ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ ಯಾವಾಗಲೂ ಸ್ಥಳವುಂಟು. "ಆಮೇಲೆ ನೋಡೋಣ" ಎಂಬ ಎರಡು ಮಾತುಗಳು ನಮ್ಮ ನಾಡಿನ ಎಷ್ಟೋ ಶಾಲೆ, ಸೇತುವೆ, ಕಾಲುವೆಗಳನ್ನು ಅರ್ಧಕ್ಕೆ ನಿಲ್ಲಿಸಿವೆ. ಈ ಕೆಲಸವನ್ನಾದರೂ ಆಮೇಲೆ ನೋಡುವುದು ಬೇಡ.